ಸಂಬಳವಿಲ್ಲದವರ ವೆಂಬ್ಲಿ: ಬಿಷಪ್ ಆಕ್ಲಂಡ್ ಕ್ಲಬ್ಬಿನ ಕತೆ

1954ರ ಏಪ್ರಿಲ್‌ನಲ್ಲಿ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಅಮೆಚೂರ್ ಕಪ್ ಫುಟ್‌ಬಾಲ್ ಫೈನಲ್‌ಗೆ ಒಂದು ಲಕ್ಷ ಜನ ಸೇರಿದ್ದರು. ಅವತ್ತು ಆಡಿದ ಎರಡೂ ತಂಡಗಳು ಇಂಗ್ಲೆಂಡಿನ ಈಶಾನ್ಯದ ಡರ್ಹಮ್ ಕೌಂಟಿಯವು. ಒಂದು ಕ್ರುಕ್ ಟೌನ್, ಇನ್ನೊಂದು ಬಿಷಪ್ ಆಕ್ಲಂಡ್. ಎರಡು ಊರುಗಳ ನಡುವೆ ಇರುವುದು ಸುಮಾರು ಎಂಟು ಕಿಲೋಮೀಟರ್. ಇಬ್ಬರೂ ತಮ್ಮ ತಮ್ಮ ಊರು ಖಾಲಿ ಮಾಡಿಕೊಂಡು ಬಂದಿದ್ದರೂ ಆ ಕ್ರೀಡಾಂಗಣ ತುಂಬುತ್ತಿರಲಿಲ್ಲ. ಪಂದ್ಯ 2-2. ಆಗ ಪೆನಾಲ್ಟಿ ಶೂಟೌಟ್ ಎಂಬುದಿಲ್ಲ, ಸಮವಾದರೆ ಮರುಪಂದ್ಯ. ನ್ಯೂಕ್ಯಾಸಲ್‌ನ ಸೇಂಟ್ ಜೇಮ್ಸ್ ಪಾರ್ಕ್‌ನಲ್ಲಿ 56,008 ಜನರ ಮುಂದೆ ಮತ್ತೆ 2-2. ಮಿಡಲ್ಸ್‌ಬರೋದ ಏರ್ಸಮ್ ಪಾರ್ಕ್‌ನಲ್ಲಿ 36,727 ಜನರ ಮುಂದೆ ಮೂರನೇ ಸಲ ಆಡಿದಾಗ ಕ್ರುಕ್ 1-0ರಿಂದ ಗೆದ್ದಿತು. ಮೂರೂ ಸೇರಿ ಒಂದು ಲಕ್ಷ ತೊಂಬತ್ತೆರಡು ಸಾವಿರಕ್ಕೂ ಹೆಚ್ಚು ಪ್ರೇಕ್ಷಕರು. ಮೈದಾನಕ್ಕಿಳಿದ ಆಟಗಾರರಲ್ಲಿ, ಕಾಗದದ ಮೇಲಂತೂ, ಒಬ್ಬನಿಗೂ ಸಂಬಳವಿಲ್ಲ.

ಪ್ರೀಮಿಯರ್ ಲೀಗ್ ನೋಡಿ ಬೆಳೆದವರಿಗೆ ‘ನಾನ್-ಲೀಗ್’ ಅಂದರೆ ಏಣಿಯ ಕೆಳಗಿನ ಮೆಟ್ಟಿಲು. ಮೇಲಿನ ನಾಲ್ಕು ಡಿವಿಷನ್‌ಗಳಲ್ಲಿ 92 ಕ್ಲಬ್‌ಗಳು, ಅಲ್ಲಿಗೆ ಏರಲಾಗದವರು ಕೆಳಗೆ. ಇವತ್ತಿಗೆ ಇದು ನಿಜ. ಬಿಷಪ್ ಆಕ್ಲಂಡ್ ಮೆರೆದ ಕಾಲಕ್ಕೆ ಮಾತ್ರ ಇದೇ ಲೆಕ್ಕ ಹಾಕಿದರೆ ಆ ಕ್ಲಬ್ಬಿನ ಚರಿತ್ರೆ ತಲೆಕೆಳಗಾಗಿ ಕಾಣುತ್ತದೆ. ಆಗ ಅದು ಏಣಿಯೇ ಆಗಿರಲಿಲ್ಲ. ಪಕ್ಕಪಕ್ಕದಲ್ಲಿ ಎರಡು ಮನೆ: ಒಂದರಲ್ಲಿ ಸಂಬಳ ಪಡೆದು ಆಡುವವರು, ಇನ್ನೊಂದರಲ್ಲಿ ಹವ್ಯಾಸಿಗಳು. ಬಿಷಪ್ ಆಕ್ಲಂಡ್ ಎರಡನೇ ಮನೆಯ ಯಜಮಾನ. ಇಂಗ್ಲಿಷ್ ಫುಟ್‌ಬಾಲ್ ಸಂಸ್ಥೆ (ಎಫ್‌ಎ) ನಡೆಸುತ್ತಿದ್ದ, ಹವ್ಯಾಸಿಗಳ ದೊಡ್ಡ ಟ್ರೋಫಿಯಾದ ಅಮೆಚೂರ್ ಕಪ್ಪಿನ ಫೈನಲ್‌ಗೆ 18 ಸಲ ಹೋಗಿ 10 ಸಲ ಗೆದ್ದ ತಂಡ ಅದೊಂದೇ.

ಊರು ವೇರ್ ನದಿಯ ದಂಡೆಯಲ್ಲಿದೆ. ಡರ್ಹಮ್‌ನ ಬಿಷಪ್ಪರು ಶತಮಾನಗಳ ಕಾಲ ವಾಸವಿದ್ದ ಆಕ್ಲಂಡ್ ಕಾಸಲ್ ಇಲ್ಲೇ, ಊರ ಹೆಸರಿನ ಮೊದಲರ್ಧ ಬಂದದ್ದೂ ಅಲ್ಲಿಂದ. ಸುತ್ತ ಕಲ್ಲಿದ್ದಲು ಗಣಿಗಳ ಸೀಮೆ. 1880ರ ದಶಕದಲ್ಲಿ ಪಾದ್ರಿಗಳಾಗಲು ತರಬೇತಿ ಪಡೆಯುತ್ತ ಕಾಸಲ್‌ನಲ್ಲಿದ್ದ ಆಕ್ಸ್‌ಫರ್ಡ್, ಕೇಂಬ್ರಿಜ್ ವಿದ್ಯಾರ್ಥಿಗಳು ಇಲ್ಲಿ ಫುಟ್‌ಬಾಲ್ ಶುರುಮಾಡಿದರು. ಆಕ್ಸ್‌ಫರ್ಡಿನ ಕಡುನೀಲಿ, ಕೇಂಬ್ರಿಜ್‌ನ ತಿಳಿನೀಲಿ ಎರಡೂ ಸೇರಿ ಕ್ಲಬ್ಬಿನ ಅಂಗಿಯಾಯಿತು, ಇಂದಿಗೂ ಅದೇ ಬಣ್ಣ. ಒಳಜಗಳದಿಂದ 1886ರಲ್ಲಿ ಬೇರೆಯಾದ ಗುಂಪು ಆಕ್ಲಂಡ್ ಟೌನ್ ಎಂಬ ಹೆಸರಲ್ಲಿ ಆಡಿ, ಕೆಲವು ವರ್ಷಗಳ ಬಳಿಕ ಬಿಷಪ್ ಆಕ್ಲಂಡ್ ಆಯಿತು. ಪಾದ್ರಿಗಳು ಹೊರಟುಹೋದರು, ಅಂಗಿ ಗಣಿಯವರ ಮಕ್ಕಳ ಮೈಮೇಲೆ ಉಳಿಯಿತು.

1885ರಲ್ಲಿ ಇಂಗ್ಲಿಷ್ ಫುಟ್‌ಬಾಲ್ ಸಂಸ್ಥೆ ಆಟಗಾರರಿಗೆ ಹಣ ಕೊಡುವುದನ್ನು ಕಾನೂನುಬದ್ಧ ಮಾಡಿತು. ಕೆಲವೇ ವರ್ಷಗಳಲ್ಲಿ ಎರಡೂ ಬಗೆಯ ಕ್ಲಬ್‌ಗಳು ಆಡುತ್ತಿದ್ದ ಎಫ್‌ಎ ಕಪ್ ವೃತ್ತಿಪರರ ಪಾಲಾಯಿತು. ಹಣ ಕೊಡದ ಕ್ಲಬ್‌ಗಳಿಗೆ ಗೆಲ್ಲಲು ಏನಾದರೂ ಬೇಕಲ್ಲ ಎಂದು 1893-94ರಲ್ಲಿ ಅಮೆಚೂರ್ ಕಪ್ ಹುಟ್ಟಿತು. ಹುಟ್ಟಿಸಿದವರ ಕಣ್ಣಿದ್ದದ್ದು ದಕ್ಷಿಣದ ದೊಡ್ಡ ಶಾಲೆಗಳ ಹಳೆಯ ವಿದ್ಯಾರ್ಥಿ ತಂಡಗಳ ಮೇಲೆ. ಮೊದಲ ವರ್ಷ ಗೆದ್ದದ್ದೂ ಅಂಥದ್ದೇ ಒಂದು ತಂಡ, ಓಲ್ಡ್ ಕಾರ್ಥೂಸಿಯನ್ಸ್. ಆದರೆ 1896ರಷ್ಟು ಬೇಗ ಕಪ್ಪು ಬಿಷಪ್ ಆಕ್ಲಂಡಿಗೆ ಬಂತು. ಆಮೇಲೆ 1900, 1914, 1921, 1922, 1935, 1939. ಕ್ಲಬ್ ಆಡುತ್ತಿದ್ದ ನಾರ್ದರ್ನ್ ಲೀಗ್ 1889ರಲ್ಲಿ ಶುರುವಾದದ್ದು, ಇಂದಿಗೂ ನಡೆಯುತ್ತಿರುವ ಹಳೆಯ ಲೀಗ್‌ಗಳಲ್ಲಿ ಒಂದು. ಆಕ್ಲಂಡ್ ಟೌನ್ ಅದರ ಸ್ಥಾಪಕ ಸದಸ್ಯ.

ಇಷ್ಟು ಹೇಳಿದ ಮೇಲೆ ಹಣದ ಮಾತು ಆಡದಿದ್ದರೆ ಅರ್ಧ ಸತ್ಯವಾಗುತ್ತದೆ. ನಿಯಮದ ಪ್ರಕಾರ ಹವ್ಯಾಸಿ ಆಟಗಾರನಿಗೆ ಕೊಡಬಹುದಾಗಿದ್ದದ್ದು ನಿಜವಾಗಿ ಆದ ಪ್ರಯಾಣದ ಖರ್ಚು, ಊಟ, ಬೇಕಾದಲ್ಲಿ ತಂಗುವ ಖರ್ಚು. ಕೆಲಸ ತಪ್ಪಿಸಿ ಬಂದ ದಿನದ ಕೂಲಿ ತುಂಬಿಕೊಡುವಂತಿಲ್ಲ. ವಕೀಲನಿಗೋ ಪಾದ್ರಿಗೋ ಇದು ತೊಂದರೆಯಲ್ಲ. ಶನಿವಾರದ ಪಾಳಿ ಬಿಟ್ಟು ಬರುವ ಗಣಿಯವನಿಗೆ ಪ್ರತಿ ಪಂದ್ಯವೂ ಕೈಯಿಂದ ಹೋಗುವ ದುಡ್ಡು. ಹಾಗಾಗಿ ದಾರಿಗಳು ಹುಟ್ಟಿಕೊಂಡವು. ಪಕ್ಕದೂರಿನಿಂದ ಬಂದವನು ದೂರದೂರಿನ ರೈಲು ಚಾರ್ಜು ಬರೆಸುವುದು ಒಂದು. ಗೇಟಿನಲ್ಲಿ ಬಂದ ಹಣವನ್ನು ಪುಸ್ತಕದಲ್ಲಿ ಕಡಿಮೆ ತೋರಿಸಿ ಉಳಿದದ್ದನ್ನು ಹಂಚುವುದು ಇನ್ನೊಂದು. ಪಂದ್ಯ ಮುಗಿಸಿ ಬಟ್ಟೆ ಬದಲಿಸುವಾಗ ಬೂಟಿನೊಳಗೆ ನೋಟು ಸಿಗುವುದು ಎಲ್ಲಕ್ಕಿಂತ ಹಳೆಯದು, ‘ಬೂಟ್ ಮನಿ’ ಎಂಬ ಹೆಸರು ಅದರಿಂದಲೇ. ಲೆಕ್ಕಪುಸ್ತಕ ಸರಿಯಾಗಿ ಕಾಣುವಂತೆ ಬರೆಯಬಲ್ಲ ಖಜಾಂಚಿ ಒಳ್ಳೆಯ ಸೆಂಟರ್ ಫಾರ್ವರ್ಡ್‌ನಷ್ಟೇ ಮುಖ್ಯನಾಗಿದ್ದ.

ಸಿಕ್ಕಿಬಿದ್ದರೆ ಶಿಕ್ಷೆ ಸಣ್ಣದಲ್ಲ. 1927-28ರಲ್ಲಿ ಡರ್ಹಮ್ ಕೌಂಟಿ ಸಂಸ್ಥೆ ಕ್ರುಕ್ ಟೌನ್‌ನ ಲೆಕ್ಕ ಕೆದಕಿತು. ಕ್ರುಕ್ ನಾರ್ದರ್ನ್ ಲೀಗಿನಿಂದ ಹೊರಬಿತ್ತು. ತನಿಖೆ ಅಲ್ಲಿಗೆ ನಿಲ್ಲದೆ ಕೌಂಟಿಯ ಇತರ ಕ್ಲಬ್‌ಗಳಿಗೂ ಹಬ್ಬಿ ನೂರಾರು ಆಟಗಾರರು ಹವ್ಯಾಸಿ ಪಟ್ಟ ಕಳೆದುಕೊಂಡರು. ಎಲ್ಲರೂ ಮಾಡುತ್ತಾರೆಂದು ಎಲ್ಲರಿಗೂ ಗೊತ್ತಿದ್ದ ಕೆಲಸಕ್ಕೆ ಒಬ್ಬನನ್ನು ಹಿಡಿದರೆ ಆಗುವುದೇ ಇದು. ಈ ಕಪಟವನ್ನು ಸುಮ್ಮನೆ ನೈತಿಕ ಪತನವೆಂದು ಬರೆದುಬಿಡುವ ಇತಿಹಾಸಕಾರರಿಗೆ ಶನಿವಾರದ ಪಾಳಿಯ ಲೆಕ್ಕ ನೆನಪಿರುವುದಿಲ್ಲ ಎಂದು ನನಗನಿಸುತ್ತದೆ.

ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಅಷ್ಟು ಚೆನ್ನಾಗಿ ಆಡುವವರು ವೃತ್ತಿಪರರೇ ಆಗಬಹುದಿತ್ತಲ್ಲ? ಉತ್ತರ ಆ ಕಾಲದ ಸಂಬಳದ ಮಿತಿಯಲ್ಲಿದೆ. ವೃತ್ತಿಪರ ಆಟಗಾರನಿಗೆ ಇಂತಿಷ್ಟಕ್ಕಿಂತ ಹೆಚ್ಚು ಕೊಡಬಾರದೆಂಬ ನಿಯಮ 1961ರವರೆಗೂ ಇತ್ತು; 1958ರಲ್ಲಿ ಕೂಡ ಆ ಮಿತಿ ವಾರಕ್ಕೆ 20 ಪೌಂಡ್. ಮೇಲಾಗಿ ಕ್ಲಬ್ ಬಿಡದೆ ಆಟಗಾರ ಬೇರೆಡೆ ಹೋಗುವಂತಿರಲಿಲ್ಲ. ಒಬ್ಬ ಶಾಲಾ ಮೇಷ್ಟ್ರಿಗೆ ಖಾಯಂ ಕೆಲಸ, ಪಿಂಚಣಿ, ಜತೆಗೆ ವಾರಾಂತ್ಯಕ್ಕೆ ಬೂಟಿನಲ್ಲೊಂದಿಷ್ಟು ಸಿಕ್ಕರೆ ಮೂವತ್ತೈದಕ್ಕೆ ಮುಗಿಯುವ ಕಸುಬಿಗೆ ಹಾರುವ ಅಗತ್ಯವೇನು? ಜತೆಗೆ ಹವ್ಯಾಸಿಗೆ ಕರಾರಿಲ್ಲ. ಏಕಕಾಲಕ್ಕೆ ಒಂದಕ್ಕಿಂತ ಹೆಚ್ಚು ಕ್ಲಬ್‌ಗಳಲ್ಲಿ ಅವನ ಹೆಸರು ಇರಬಹುದಿತ್ತು.

ಇದರ ತುದಿ ಎಲ್ಲಿಗೆ ಮುಟ್ಟುತ್ತದೆ ಎಂದು ತಿಳಿಯಲು ಶೇಮಸ್ ಓಕಾನೆಲ್ ಒಬ್ಬನೇ ಸಾಕು. ಕಾರ್ಲೈಲ್ ಕಡೆಯ ದನದ ವ್ಯಾಪಾರಿ ಮನೆತನದವನು. 1954ರ ಅಕ್ಟೋಬರ್‌ನಲ್ಲಿ ಹವ್ಯಾಸಿಯಾಗಿಯೇ ಚೆಲ್ಸಿ ಪರ ಮೊದಲ ಪಂದ್ಯ ಆಡಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಮೂರು ಗೋಲು ಹೊಡೆದ. ಚೆಲ್ಸಿ ಆ ಪಂದ್ಯವನ್ನು 5-6ರಿಂದ ಸೋತಿತಾದರೂ ಆ ವರ್ಷದ ಲೀಗ್ ಚಾಂಪಿಯನ್ ಆಯಿತು. ಅದೇ ಋತುವಿನಲ್ಲಿ ಓಕಾನೆಲ್ ಬಿಷಪ್ ಆಕ್ಲಂಡ್ ಜತೆ ಅಮೆಚೂರ್ ಕಪ್ಪನ್ನೂ ಗೆದ್ದ. ದೇಶದ ಅತ್ಯುನ್ನತ ಲೀಗಿನ ಗೆಲುವು, ಹವ್ಯಾಸಿಗಳ ಅತ್ಯುನ್ನತ ಕಪ್ಪು ಎರಡೂ ಒಬ್ಬನಿಗೆ ಒಂದೇ ವರ್ಷ. ಏಣಿಯ ಲೆಕ್ಕದಲ್ಲಿ ಇದನ್ನು ಎಲ್ಲಿ ಕೂರಿಸುತ್ತೀರಿ?

ಮಹಾಯುದ್ಧದ ನಂತರದ ಹತ್ತು ವರ್ಷ ಈ ಕ್ಲಬ್ಬಿನ ಕತೆಯ ತಿರುಳು, ಅದರಲ್ಲೂ ಸೋಲುಗಳು. 1946ರ ಫೈನಲ್‌ನಲ್ಲಿ ಬಾರ್ನೆಟ್ ಎದುರು 2-3. 1949ರಿಂದ ಫೈನಲ್ ವೆಂಬ್ಲಿಗೆ ಹೋಯಿತು. 1950ರಲ್ಲಿ ಬಿಷಪ್ ಆಕ್ಲಂಡ್ ಅಲ್ಲಿಗೆ ಹೋಗಿ ಪಕ್ಕದೂರಿನ ವಿಲ್ಲಿಂಗ್ಟನ್ ಕೈಲಿ 0-4 ತಿಂದಿತು. 1951ರಲ್ಲಿ ಪೆಗಸಸ್ ಎದುರು 1-2. ಪೆಗಸಸ್ ಎಂದರೆ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿದ್ಯಾರ್ಥಿಗಳ ಜಂಟಿ ತಂಡ. ಅಂಗಿಯ ಬಣ್ಣ ಕೊಟ್ಟುಹೋದವರ ವಾರಸುದಾರರೇ ಎಪ್ಪತ್ತು ವರ್ಷದ ಬಳಿಕ ಬಂದು ಕಪ್ಪು ಒಯ್ದರು. 1954ರಲ್ಲಿ ಕ್ರುಕ್. ಆ ವೆಂಬ್ಲಿ ಪಂದ್ಯದ ಆರಂಭದಲ್ಲೇ ಬಿಷಪ್ ಆಕ್ಲಂಡಿನ ಜಿಮ್ಮಿ ನಿಮಿನ್ಸ್ ಕಾಲು ಮುರಿದುಕೊಂಡ. ಬದಲಿ ಆಟಗಾರನನ್ನು ಇಳಿಸುವ ಪದ್ಧತಿ ಇಂಗ್ಲಿಷ್ ಲೀಗಿಗೆ ಬಂದದ್ದೇ 1965ರಲ್ಲಿ. ಹತ್ತೇ ಜನ ಹೆಚ್ಚುವರಿ ಸಮಯವೂ ಸೇರಿ ಆಡಿ 2-2 ಉಳಿಸಿಕೊಂಡರು. ನನ್ನ ಮಟ್ಟಿಗೆ ಮುಂದಿನ ಮೂರು ಗೆಲುವುಗಳಿಗಿಂತ ಇದು ದೊಡ್ಡ ಆಟ.

ಆ ಗೆಲುವುಗಳು ಹೀಗೆ. 1955ರಲ್ಲಿ ಹೆಂಡನ್ ವಿರುದ್ಧ 2-0. 1956ರಲ್ಲಿ ಕೊರಿಂಥಿಯನ್-ಕ್ಯಾಶುವಲ್ಸ್ ಜತೆ 1-1, ಮರುಪಂದ್ಯದಲ್ಲಿ 4-1. ಎದುರಾಳಿ ತಂಡದಲ್ಲಿ ಇಂಗ್ಲೆಂಡ್ ಪರ ಟೆಸ್ಟ್ ಆಡಿದ ಎಸೆಕ್ಸ್‌ನ ಕ್ರಿಕೆಟಿಗ ಡಗ್ ಇನ್ಸೋಲ್ ಇದ್ದ. 1957ರಲ್ಲಿ ವೈಕಂಬ್ ವಾಂಡರರ್ಸ್ ವಿರುದ್ಧ 3-1. ಸತತ ಮೂರು ವರ್ಷ ಈ ಕಪ್ಪು ಗೆದ್ದ ತಂಡ ಬೇರೆ ಯಾವುದೂ ಇಲ್ಲ.

ವೃತ್ತಿಪರರ ಎದುರು ಇವರ ಮಟ್ಟ ಏನಿತ್ತೆಂದು 1954-55ರ ಎಫ್‌ಎ ಕಪ್ ತೋರಿಸುತ್ತದೆ. ಎರಡನೇ ಸುತ್ತಿನಲ್ಲಿ ಲಂಡನ್ನಿಗೆ ಹೋಗಿ ಕ್ರಿಸ್ಟಲ್ ಪ್ಯಾಲೆಸ್ಸನ್ನು 4-2ರಿಂದ ಹೊಡೆದರು. ಮೂರನೇ ಸುತ್ತಿನಲ್ಲಿ ಎರಡನೇ ಡಿವಿಷನ್ನಿನ ಇಪ್ಸ್ವಿಚ್ ಟೌನ್ ಜತೆ 2-2, ಮನೆಯಂಗಳದ ಮರುಪಂದ್ಯದಲ್ಲಿ 3-0. ನಾಲ್ಕನೇ ಸುತ್ತಿನಲ್ಲಿ ಯಾರ್ಕ್ ಸಿಟಿಗೆ 1-3ರಿಂದ ಸೋತರು. ಆ ಯಾರ್ಕ್ ಅಲ್ಲಿಂದ ಸೆಮಿಫೈನಲ್‌ವರೆಗೂ ಹೋಯಿತು.

ಕ್ಲಬ್ಬಿನಿಂದ ಹೊರಬಂದವರಲ್ಲಿ ಜಗತ್ತಿಗೆ ಹೆಚ್ಚು ಗೊತ್ತಿರುವ ಹೆಸರು ಬಾಬ್ ಪೇಸ್ಲಿ. ಹೆಟನ್-ಲೆ-ಹೋಲ್ ಎಂಬ ಗಣಿ ಊರಿನವನು, 1939ರಲ್ಲಿ ಅಮೆಚೂರ್ ಕಪ್ ಗೆದ್ದ ಬೆನ್ನಿಗೆ ಲಿವರ್‌ಪೂಲ್ ಸೇರಿದ. ಮುಂದೆ ಅದೇ ಕ್ಲಬ್ಬಿನ ಮ್ಯಾನೇಜರ್ ಆಗಿ 1977, 1978, 1981ರಲ್ಲಿ ಯುರೋಪಿಯನ್ ಕಪ್ ಗೆದ್ದುಕೊಟ್ಟ. ಊರಿನವರಿಗೆ ಮಾತ್ರ ದೊಡ್ಡವನು ಬಾಬ್ ಹಾರ್ಡಿಸ್ಟಿ. 1921ರಲ್ಲಿ ಹುಟ್ಟಿದವನು, ದೈಹಿಕ ಶಿಕ್ಷಣದ ಮೇಷ್ಟ್ರು, ಹಾಫ್‌ಬ್ಯಾಕ್. ಗ್ರೇಟ್ ಬ್ರಿಟನ್ ಪರ ಒಲಿಂಪಿಕ್ಸ್‌ಗೆ 1948, 1952, 1956ರಲ್ಲಿ ಹೋದ.

ಇಲ್ಲೊಂದು ಎಳೆ ನಮ್ಮ ಕಡೆಗೂ ಬರುತ್ತದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ತಂಡ ಇಲ್‌ಫರ್ಡ್ ಮೈದಾನದಲ್ಲಿ, ಬಹುಪಾಲು ಆಟಗಾರರು ಬರಿಗಾಲಲ್ಲಿ, ಫ್ರಾನ್ಸ್ ಎದುರು 1-2ರಿಂದ ಸೋತಿತು. ಭಾರತದ ಆ ಒಂದು ಗೋಲು ಹೊಡೆದವನು ಬೆಂಗಳೂರಿನ ಮೈದಾನಗಳಲ್ಲಿ ಆಡಿ ಬಂದ ಸಾರಂಗಪಾಣಿ ರಾಮನ್. ಎರಡು ಪೆನಾಲ್ಟಿ ಕೈಚೆಲ್ಲದಿದ್ದರೆ ಭಾರತವೇ ಮುಂದೆ ಹೋಗುತ್ತಿತ್ತು. ಹಾಗೆ ಉಳಿದುಕೊಂಡ ಫ್ರಾನ್ಸ್ ಮುಂದಿನ ಸುತ್ತಿನಲ್ಲಿ ಬ್ರಿಟನ್ನಿಗೆ 0-1ರಿಂದ ಸೋತಿತು, ಗೋಲು ಹಾರ್ಡಿಸ್ಟಿಯದು. ರಾಮನ್ ಪಂದ್ಯ ಗೆದ್ದಿದ್ದರೆ ಬಿಷಪ್ ಆಕ್ಲಂಡಿನ ಮೇಷ್ಟ್ರು ಎದುರಿಸಬೇಕಾಗಿದ್ದದ್ದು ಬೆಂಗಳೂರಿನ ಹುಡುಗರನ್ನು. ಆ ಬ್ರಿಟಿಷ್ ತಂಡಕ್ಕೆ ತರಬೇತಿ ಕೊಟ್ಟವನು ಮ್ಯಾಂಚೆಸ್ಟರ್ ಯುನೈಟೆಡ್‌ನ ಮ್ಯಾಟ್ ಬಸ್ಬಿ.

ಆ ಪರಿಚಯ ಹತ್ತು ವರ್ಷದ ಮೇಲೆ ಕೆಲಸಕ್ಕೆ ಬಂತು. 1958ರ ಫೆಬ್ರುವರಿ 6ರಂದು ಮ್ಯೂನಿಕ್‌ನಲ್ಲಿ ಯುನೈಟೆಡ್ ತಂಡದ ವಿಮಾನ ಬಿದ್ದು 23 ಜನ ಸತ್ತರು, ಅವರಲ್ಲಿ ಎಂಟು ಆಟಗಾರರು. ಬದುಕಿದ್ದ ಎಳೆಯ ಹುಡುಗರನ್ನೆಲ್ಲ ಮೊದಲ ತಂಡಕ್ಕೆ ಎಳೆದುಕೊಂಡ ಮೇಲೆ ರಿಸರ್ವ್ ತಂಡದಲ್ಲಿ ಆಡಲು ಜನವೇ ಇಲ್ಲ. ಪಂದ್ಯಗಳು ಮಾತ್ರ ಪಟ್ಟಿಯಂತೆ ನಡೆಯಲೇಬೇಕು. ವೃತ್ತಿಪರರನ್ನು ಋತುವಿನ ನಡುವೆ ಕೊಳ್ಳಲು ಹಣವೂ ಸಮಯವೂ ಬೇಕು. ಹವ್ಯಾಸಿಗೆ ಒಂದು ನೋಂದಣಿ ಪತ್ರ ಸಾಕು. ಬಿಷಪ್ ಆಕ್ಲಂಡ್ ಮೂವರನ್ನು ಕಳಿಸಿತು: 37ರ ಹಾರ್ಡಿಸ್ಟಿ, ಡೆರೆಕ್ ಲೆವಿನ್, ವಾರೆನ್ ಬ್ರಾಡ್ಲಿ. ಮೊದಲಿಬ್ಬರು ರಿಸರ್ವ್ ತಂಡದ ಹುಡುಗರ ನಡುವೆ ನಿಂತು ಆಡಿಸಿ ಮರಳಿದರು. ಬ್ರಾಡ್ಲಿ ಉಳಿದುಕೊಂಡ, ಮೇಷ್ಟ್ರ ಕೆಲಸ ಬಿಡದೆಯೇ ವೃತ್ತಿಪರನಾದ, 1959ರಲ್ಲಿ ಇಂಗ್ಲೆಂಡ್ ಪೂರ್ಣ ತಂಡಕ್ಕೆ ಮೂರು ಪಂದ್ಯ ಆಡಿ ಎರಡು ಗೋಲು ಹೊಡೆದ. ಯುನೈಟೆಡ್ ಈ ಉಪಕಾರ ಮರೆಯಲಿಲ್ಲ. 1990ರ ದಶಕದಲ್ಲಿ ಬಿಷಪ್ ಆಕ್ಲಂಡ್ ಹಣದ ಬಿಕ್ಕಟ್ಟಿಗೆ ಸಿಕ್ಕಾಗ ಸಹಾಯಾರ್ಥ ಪಂದ್ಯಕ್ಕೆ ತಂಡ ಕಳಿಸಿತು.

1961ರಲ್ಲಿ ವೃತ್ತಿಪರರ ಸಂಬಳದ ಮಿತಿ ಹೋಯಿತು. ಮೇಷ್ಟ್ರಾಗಿದ್ದುಕೊಂಡು ವಾರಾಂತ್ಯಕ್ಕೆ ಆಡುವ ಲೆಕ್ಕಾಚಾರ ಅಲ್ಲಿಗೆ ಕೆಟ್ಟಿತು. ಟಿವಿಯಲ್ಲಿ ದೊಡ್ಡ ಕ್ಲಬ್‌ಗಳು ಮನೆಯೊಳಗೇ ಬಂದವು, ಡರ್ಹಮ್‌ನ ಗಣಿಗಳು ಒಂದೊಂದಾಗಿ ಮುಚ್ಚಿದವು, ಗೇಟಿಗೆ ಬರುವವರು ಕಡಿಮೆಯಾದರು. 1974ರಲ್ಲಿ ಫುಟ್‌ಬಾಲ್ ಸಂಸ್ಥೆ ಹವ್ಯಾಸಿ, ವೃತ್ತಿಪರ ಎಂಬ ಭೇದವನ್ನೇ ಅಳಿಸಿ ಎಲ್ಲರನ್ನೂ ಬರೀ ‘ಆಟಗಾರ’ ಎಂದು ಕರೆಯಿತು. ಅಮೆಚೂರ್ ಕಪ್ಪಿನ ಕೊನೆಯ ಫೈನಲ್ ಆ ವರ್ಷದ್ದೇ, ಗೆದ್ದದ್ದು ಬಿಷಪ್ಸ್ ಸ್ಟಾರ್ಟ್‌ಫರ್ಡ್. ಹೆಸರು ಹೋಲುವುದರಿಂದ ಇವೆರಡನ್ನು ಕಲಸಿಕೊಳ್ಳುವವರು ಇಂಗ್ಲೆಂಡಿನಲ್ಲೂ ಇದ್ದಾರೆ.

ಈಗ ನಿಜವಾಗಿ ಏಣಿ ಕಟ್ಟತೊಡಗಿದರು. ಇಲ್ಲಿಯೇ ನಾರ್ದರ್ನ್ ಲೀಗ್ ಎಡವಿತು. 1968ರಲ್ಲಿ ಹೊಸ ನಾರ್ದರ್ನ್ ಪ್ರೀಮಿಯರ್ ಲೀಗ್ ಹುಟ್ಟಿದಾಗಲೂ, ಮುಂದೆ ಲೀಗ್‌ಗಳನ್ನು ಹಂತಹಂತವಾಗಿ ಜೋಡಿಸಿದ ದೇಶವ್ಯಾಪಿ ಪಿರಮಿಡ್ ರೂಪುಗೊಂಡಾಗಲೂ ಅದು ಸೇರಲಿಲ್ಲ. ದೂರದ ಪ್ರಯಾಣದ ಖರ್ಚು ಒಂದು ಕಾರಣ, ನಾವೇಕೆ ಇನ್ನೊಬ್ಬರ ಕೆಳಗಿರಬೇಕೆಂಬ ಬಿಗುಮಾನ ಇನ್ನೊಂದು. ಕೊನೆಗೆ 1991ರಲ್ಲಿ ಒಪ್ಪಿಕೊಳ್ಳುವ ಹೊತ್ತಿಗೆ ಮೇಲಿನ ಮೆಟ್ಟಿಲುಗಳೆಲ್ಲ ತುಂಬಿದ್ದವು. ಆ ಪ್ರದೇಶದ ಕ್ಲಬ್‌ಗಳಿಗೆ ಇದರ ಏಟು ದಶಕಗಳ ಕಾಲ ತಟ್ಟಿತು. ಬಿಷಪ್ ಆಕ್ಲಂಡ್ ಅಷ್ಟು ಕಾಯದೆ 1988ರಲ್ಲಿ ತಾನೇ ಹೊರಬಂದು ನಾರ್ದರ್ನ್ ಪ್ರೀಮಿಯರ್ ಲೀಗ್ ಸೇರಿತು, ಮೊದಲ ವರ್ಷವೇ ಎರಡನೇ ಸ್ಥಾನ ಪಡೆದು ಬಡ್ತಿ ಗಳಿಸಿತು. 1997ರಲ್ಲಿ ಅದರ ಮೇಲಿನ ಡಿವಿಷನ್ನಿನಲ್ಲೂ ಎರಡನೆಯದಾಯಿತು. ಅಲ್ಲಿಂದ ಆಗ ಮೇಲೇರುತ್ತಿದ್ದದ್ದು ಮೊದಲ ಸ್ಥಾನದವರು ಮಾತ್ರ.

ಕ್ಲಬ್ಬನ್ನು ಕೊನೆಗೆ ಕೆಡವಿದ್ದು ಎದುರಾಳಿಗಳಲ್ಲ, ಮೈದಾನ. ಕಿಂಗ್ಸ್‌ವೇ ಊರ ನಡುವೆ ಇತ್ತು, ಕ್ರಿಕೆಟ್ ಕ್ಲಬ್ ಜತೆ ಹಂಚಿಕೊಂಡದ್ದು. ಇಂಗ್ಲೆಂಡಿನಲ್ಲಿ ಇಂಥ ಜೋಡಿ ಮೈದಾನಗಳು ಹಿಂದೆ ಎಷ್ಟೋ ಇದ್ದವು, ತೊಂದರೆಗಳೂ ಎಲ್ಲೆಡೆ ಒಂದೇ. ಫುಟ್‌ಬಾಲ್ ಅಂಕಣದ ಒಂದು ಉದ್ದದ ಗೆರೆ ಕ್ರಿಕೆಟ್‌ನ ಔಟ್‌ಫೀಲ್ಡ್ ಮೇಲೆ ಬೀಳುತ್ತದೆ. ಆ ಬದಿಗೆ ಸ್ಟ್ಯಾಂಡ್ ಕಟ್ಟುವಂತಿಲ್ಲ, ಕಬ್ಬಿಣದ ಬೇಲಿ ಹೂಳುವಂತಿಲ್ಲ, ನಿಲ್ಲಲು ಕಾಂಕ್ರೀಟ್ ಹಾಸುವಂತಿಲ್ಲ. ಚಳಿಗಾಲಕ್ಕೆ ಹಗ್ಗ ಕಟ್ಟಿ ಬೇಸಿಗೆಗೆ ಬಿಚ್ಚಬೇಕು. ಹಾಗಾಗಿ ಮೈದಾನಕ್ಕೆ ಮೂರೇ ಬದಿ. ಆಗಸ್ಟ್‌ನಲ್ಲಿ ಫುಟ್‌ಬಾಲ್ ಶುರುವಾಗುತ್ತದೆ, ಕ್ರಿಕೆಟ್ ಮುಗಿಯುವುದು ಸೆಪ್ಟೆಂಬರ್‌ನಲ್ಲಿ. ಮೊದಲ ಕೆಲವು ವಾರ ತವರಿನ ಪಂದ್ಯ ಹೊಂದಿಸುವುದೇ ಕಷ್ಟ. ಮಳೆಗೆ ಪಂದ್ಯಗಳು ಮುಂದೂಡಿ ಏಪ್ರಿಲ್, ಮೇಗೆ ರಾಶಿ ಬಿದ್ದರೆ ಅಷ್ಟರಲ್ಲಿ ಕ್ರಿಕೆಟ್‌ನವರು ರೋಲರ್ ಹೊರತೆಗೆದಿರುತ್ತಾರೆ. ಫುಟ್‌ಬಾಲ್ ಬೂಟಿನ ಮೊಳೆ ಕೆದಕಿದ ಔಟ್‌ಫೀಲ್ಡ್ ಅವರಿಗೆ ತಲೆನೋವು.

ಇದೆಲ್ಲ ಹೇಗೋ ನಡೆಯುತ್ತಿತ್ತು, ಮೈದಾನಗಳಿಗೆ ದರ್ಜೆ ಕೊಡುವ ನಿಯಮ ಬಿಗಿಯಾಗುವ ತನಕ. ಪಿರಮಿಡ್‌ನಲ್ಲಿ ಗೆದ್ದರಷ್ಟೇ ಸಾಲದು. ಆ ಮಟ್ಟಕ್ಕೆ ನಿಗದಿಯಾದ ನಾಲ್ಕೂ ಬದಿಯ ಬೇಲಿ, ಗಟ್ಟಿ ನೆಲ, ಮುಚ್ಚಿಗೆಯ ಆಸನಗಳು, ಫ್ಲಡ್‌ಲೈಟ್, ಆಟಗಾರರಿಗೂ ರೆಫರಿಗಳಿಗೂ ಪ್ರತ್ಯೇಕ ಕೋಣೆ ಇದ್ದೇ ತೀರಬೇಕು. ಪರಿಶೀಲನೆಗೆ ಬರುವವರು ಹತ್ತು ಕಪ್ಪಿನ ಚರಿತ್ರೆ ಕೇಳುವುದಿಲ್ಲ. ನಾಲ್ಕನೇ ಬದಿ ಇಲ್ಲದ ಕಿಂಗ್ಸ್‌ವೇಯಲ್ಲಿ ಭವಿಷ್ಯವಿರಲಿಲ್ಲ. 2000ದ ದಶಕದ ಆರಂಭದಲ್ಲಿ ಕ್ಲಬ್ ಅದನ್ನು ಬಿಟ್ಟಿತು, ಹೊಸ ಮೈದಾನ ಸಿದ್ಧವಾಗುವ ಮೊದಲೇ.

ನಾನ್-ಲೀಗ್ ಕ್ಲಬ್ ಮಾಡಬಹುದಾದ ಅತಿ ಅಪಾಯದ ಕೆಲಸ ಇದು. ಅಕ್ಕಪಕ್ಕದ ಊರುಗಳ ಮೈದಾನ ಬಾಡಿಗೆಗೆ ಹಿಡಿದು ಸುಮಾರು ಎಂಟು ವರ್ಷ ಅಲೆದರು. ಈ ಮಟ್ಟದಲ್ಲಿ ಕ್ಲಬ್ ನಡೆಯುವುದು ಟಿಕೆಟ್ ಹಣಕ್ಕಿಂತ ಹೆಚ್ಚಾಗಿ ಕ್ಲಬ್‌ಹೌಸಿನ ಬಾರ್, ಚಹಾ-ಪೈ ಮಾರಾಟ, ಬೇಲಿಯ ಮೇಲಿನ ಜಾಹೀರಾತು ಫಲಕಗಳಿಂದ. ಬೇರೆಯವರ ಮೈದಾನದಲ್ಲಿ ಆಡಿದರೆ ಬಾರ್ ಹಣ ಮೈದಾನದ ಒಡೆಯರಿಗೆ, ಫಲಕವೂ ಅವರದೇ, ಮೇಲಿಂದ ಬಾಡಿಗೆ ಬೇರೆ. ಬಸ್ ಹಿಡಿದು ಬರಬೇಕಾದ ಮುದುಕರು ಬರುವುದನ್ನು ನಿಲ್ಲಿಸುತ್ತಾರೆ. ಹುಲ್ಲು ಕತ್ತರಿಸುವ, ಗೆರೆ ಹಾಕುವ, ಗೇಟಿನಲ್ಲಿ ಕೂರುವ ಸ್ವಯಂಸೇವಕರಿಗೆ ಮಾಡಲು ಕೆಲಸವೇ ಇರುವುದಿಲ್ಲ, ಅವರೂ ಚದುರುತ್ತಾರೆ. ತಂಡ ಕುಸಿಯುವುದು ಇದೆಲ್ಲದರ ನಂತರ. 2006ರಲ್ಲಿ ಬಿಷಪ್ ಆಕ್ಲಂಡ್ ಹಿಂಬಡ್ತಿ ಪಡೆದು ನಾರ್ದರ್ನ್ ಲೀಗಿಗೇ ವಾಪಸಾಯಿತು. ಅದು ಪಿರಮಿಡ್‌ನ ಒಂಬತ್ತನೇ ಹಂತ.

2010ರ ಅಕ್ಟೋಬರ್‌ನಲ್ಲಿ ಊರಂಚಿನ ಹೆರಿಟೇಜ್ ಪಾರ್ಕ್ ತೆರೆಯಿತು. ನಾಲ್ಕು ಬದಿಯೂ ಕ್ಲಬ್ಬಿನದೇ, ಬಾರ್ ಕೂಡ. ಕಿಂಗ್ಸ್‌ವೇಯ ಹಾಗೆ ಪೇಟೆಯಿಂದ ನಡೆದುಬರುವ ದೂರದಲ್ಲಿಲ್ಲ ಎಂಬ ಕೊರಗು ಹಳಬರಲ್ಲಿದೆ, ಅದರಲ್ಲಿ ಅರ್ಥವೂ ಇದೆ: ಸೂಪರ್‌ಮಾರ್ಕೆಟ್ ಪಕ್ಕದ ಮೈದಾನಕ್ಕೆ ದಾರಿಹೋಕರು ಗದ್ದಲ ಕೇಳಿ ಒಳಗೆ ಬರುವುದಿಲ್ಲ.

1954-55ರಲ್ಲಿ ಬಿಷಪ್ ಆಕ್ಲಂಡಿನ ಎಫ್‌ಎ ಕಪ್ ಶುರುವಾದದ್ದು ನವೆಂಬರಿನಲ್ಲಿ, ನೇರವಾಗಿ ಮೊದಲ ಸುತ್ತಿನಿಂದ. ಒಂಬತ್ತನೇ ಹಂತದ ಕ್ಲಬ್ ಈಗ ಸಾಮಾನ್ಯವಾಗಿ ಆಗಸ್ಟ್ ತಿಂಗಳ ಹೆಚ್ಚುವರಿ ಪ್ರಾಥಮಿಕ ಸುತ್ತಿನಿಂದ ಆರಂಭಿಸುತ್ತದೆ. ಆಮೇಲೆ ಪ್ರಾಥಮಿಕ ಸುತ್ತು, ನಾಲ್ಕು ಅರ್ಹತಾ ಸುತ್ತುಗಳು. ಆರು ಪಂದ್ಯ ಗೆದ್ದರೆ ಮೊದಲ ಸುತ್ತು. ಒಂದೊಂದು ಗೆಲುವಿಗೂ ಬಹುಮಾನದ ಹಣ ಉಂಟು, ಎರಡು ಸುತ್ತು ದಾಟಿದರೆ ಚಳಿಗಾಲದ ಪ್ರಯಾಣದ ಬಸ್ ಬಿಲ್ಲಿಗೆ ಆಗುತ್ತದೆಂದು ಖಜಾಂಚಿ ಜುಲೈನಲ್ಲೇ ಲೆಕ್ಕ ಹಾಕಿರುತ್ತಾನೆ.